ಆಳುವ ದೇಶ ವ್ಯಾಪಾರ ಒಕ್ಕೂಟ ಸೇರಿದರೆ ಅದರ ದೂರದ ದ್ವೀಪಗಳ ರಫ್ತಿಗೆ ಏನಾಗುತ್ತದೆ?

ಪ್ರಶ್ನೆ
ಬರೆದವರು: ಕುಂದಾಪುರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಮಾಡುತ್ತೇನೆ. ಸುಂಕ ಒಕ್ಕೂಟದ, ಅಂದರೆ ತಮ್ಮೊಳಗೆ ಸುಂಕವಿಲ್ಲದೆ ಹೊರಗಿನವರಿಗೆ ಒಂದೇ ಸುಂಕ ವಿಧಿಸುವ ದೇಶಗಳ ಕೂಟದ, ಅಧ್ಯಾಯ ಬಂದಾಗಲೆಲ್ಲ ಜೇಕಬ್ ವೈನರ್ ಅವರು 1950ರಲ್ಲಿ ಗುರುತಿಸಿದ ಎರಡು ಪರಿಣಾಮಗಳನ್ನು ವಿವರಿಸುತ್ತೇನೆ. ಒಳಗಿನ ಸುಂಕ ಇಲ್ಲವಾಗುವುದರಿಂದ ಹೊಸ ವ್ಯಾಪಾರ ಹುಟ್ಟುವುದು ಒಂದು. ಹೊರಗಿನ ಅಗ್ಗದ ಮಾರಾಟಗಾರನನ್ನು ಬಿಟ್ಟು ಒಳಗಿನ ದುಬಾರಿ ಮಾರಾಟಗಾರನ ಕಡೆಗೆ ವ್ಯಾಪಾರ ತಿರುಗಿಕೊಳ್ಳುವುದು ಇನ್ನೊಂದು. ಪಠ್ಯಪುಸ್ತಕಗಳಲ್ಲಿ ಈ ವಿವರಣೆ ಎರಡು ಮೂರು ದೇಶಗಳ ನಡುವಿನ ಲೆಕ್ಕವಾಗಿಯೇ ಮುಗಿದುಹೋಗುತ್ತದೆ.

ಕಳೆದ ವಾರ ಗಂಗೊಳ್ಳಿಯ ಮೀನುಗಾರ ಕುಟುಂಬದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಬ್ರಿಟನ್ ಐರೋಪ್ಯ ಆರ್ಥಿಕ ಸಮುದಾಯಕ್ಕೆ (ಇಂದಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪ) ಸೇರಿದಾಗ ದಕ್ಷಿಣ ಅಟ್ಲಾಂಟಿಕ್‌ನಲ್ಲಿರುವ ಅದರ ಫಾಕ್‌ಲ್ಯಾಂಡ್ ದ್ವೀಪಗಳೂ ತಾವಾಗಿಯೇ ಸೇರಿದವೇ, ಸೇರಿದ್ದರೆ ಅಲ್ಲಿಯವರ ರಫ್ತು ಹೆಚ್ಚಿತೇ, ಬ್ರಿಟನ್ ಹೊರಬಂದ ಮೇಲೆ ಅದು ಕುಸಿಯಿತೇ ಎಂದು ಕೇಳಿದ. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಓದಲು ಕುಳಿತಾಗ, ಡೆನ್ಮಾರ್ಕಿನ ಅಧೀನದಲ್ಲಿರುವ ಗ್ರೀನ್‌ಲ್ಯಾಂಡ್ ಮತ್ತು ಫಾರೋ ದ್ವೀಪಗಳು, ಫ್ರಾನ್ಸಿನ ಮಾರ್ಟಿನಿಕ್ ಮತ್ತು ರೀಯೂನಿಯನ್, ನೆದರ್ಲ್ಯಾಂಡ್ಸಿನ ಅರೂಬಾ ಹೀಗೆ ಒಂದೊಂದರ ಕಥೆಯೂ ಬೇರೆಯಾಗಿರುವುದು ಕಂಡುಬಂತು. ಆಳುವ ದೇಶದ ಒಂದೇ ನಿರ್ಧಾರಕ್ಕೆ ಅದರ ಬೇರೆ ಬೇರೆ ದ್ವೀಪಗಳಲ್ಲಿ ಬೇರೆ ಬೇರೆ ಫಲ ಬಂದುದೇಕೆ? ಸುಂಕದ ದರವೇ ಇಲ್ಲಿ ಮುಖ್ಯವೇ, ಅಥವಾ ಅದರ ಹಿಂದೆ ಬೇರೇನಾದರೂ ಇದೆಯೇ? ಈ ವ್ಯವಹಾರವನ್ನು ಹತ್ತಿರದಿಂದ ಬಲ್ಲವರು ತಿಳಿಸಿಕೊಟ್ಟರೆ ನನ್ನ ತರಗತಿಗೆ ದೊಡ್ಡ ಉಪಕಾರವಾಗುತ್ತದೆ.

ಉತ್ತರ 1
ಬರೆದವರು: ಬಂದರುಕಟ್ಟೆ, ಮಂಗಳೂರು

ಮೇಡಂ, ನಮಸ್ಕಾರ. ನಾನು ಇಪ್ಪತ್ತು ವರ್ಷಗಳಿಂದ ಮೀನು ರಫ್ತಿನ ಕಾಗದಪತ್ರಗಳ ಕೆಲಸದಲ್ಲಿದ್ದೇನೆ. ನಮ್ಮ ಕರಾವಳಿಯ ಬೊಂಡಾಸ್ (ಸ್ಕ್ವಿಡ್) ಮತ್ತು ಫಾಕ್‌ಲ್ಯಾಂಡಿನ ಬೊಂಡಾಸ್ ಎರಡೂ ಸ್ಪೇನಿನ ಅದೇ ಮಾರುಕಟ್ಟೆಗೆ ಹೋಗಿ ಇಳಿಯುವುದರಿಂದ ಆ ದ್ವೀಪಗಳ ವಿಷಯವನ್ನು ಕುತೂಹಲಕ್ಕಿಂತ ಹೆಚ್ಚಾಗಿ ಅಗತ್ಯಕ್ಕಾಗಿಯೇ ಗಮನಿಸುತ್ತ ಬಂದವನು.

ನಿಮ್ಮ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ಫಾಕ್‌ಲ್ಯಾಂಡ್ ಸದಸ್ಯನಾಗಲಿಲ್ಲ, ಸಹವರ್ತಿಯಾಯಿತು. 1957ರ ರೋಮ್ ಒಪ್ಪಂದದ ನಾಲ್ಕನೆಯ ಭಾಗದಲ್ಲಿಯೇ ಸದಸ್ಯ ದೇಶಗಳ ಸಾಗರೋತ್ತರ ಪ್ರದೇಶಗಳಿಗೆಂದು ಒಂದು ಪ್ರತ್ಯೇಕ ವ್ಯವಸ್ಥೆಯಿತ್ತು. ಆ ಪ್ರದೇಶಗಳ ಸರಕು ಸಮುದಾಯದ ಮಾರುಕಟ್ಟೆಯನ್ನು ಸುಂಕವಿಲ್ಲದೆ ಪ್ರವೇಶಿಸಬಹುದಿತ್ತು. ಆದರೆ ಆ ಪ್ರದೇಶಗಳು ತಮ್ಮ ಸ್ವಂತ ಆಮದು ಸುಂಕವನ್ನು ತಮಗೆ ಬೇಕಾದಂತೆ ಉಳಿಸಿಕೊಳ್ಳಲು ಸ್ವತಂತ್ರವಾಗಿದ್ದವು. 1973ರ ಜನವರಿ 1ರಂದು ಬ್ರಿಟನ್ ಒಳಗೆ ಬಂದಾಗ ಅದರ ಹೆಚ್ಚಿನ ಪುಟ್ಟ ಪ್ರದೇಶಗಳನ್ನು ಈ ಪಟ್ಟಿಗೆ ಸೇರಿಸಲಾಯಿತು. ಎಲ್ಲವನ್ನೂ ಅಲ್ಲ. ಜಿಬ್ರಾಲ್ಟರ್ ಸಮುದಾಯದ ಒಳಗೆ ಬಂದರೂ ಸುಂಕ ಒಕ್ಕೂಟದ ಹೊರಗುಳಿಯಿತು. ಬಟ್ಟೆ, ಸಿದ್ಧ ಉಡುಪುಗಳ ರಫ್ತಿನಲ್ಲಿ ಬಲವಾಗಿದ್ದ ಹಾಂಗ್‌ಕಾಂಗನ್ನು ಪಟ್ಟಿಗೆ ಸೇರಿಸಲೇ ಇಲ್ಲ. ಮಾರಲು ಹೆಚ್ಚೇನೂ ಇಲ್ಲದವರಿಗೆ ಬಾಗಿಲು ತೆರೆದುಕೊಂಡಿತು, ನಿಜವಾಗಿ ಮಾರಬಲ್ಲವರಿಗೆ ತೆರೆಯಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಆಗ ಫಾಕ್‌ಲ್ಯಾಂಡಿನ ರಫ್ತೆಂದರೆ ಹೆಚ್ಚುಕಡಿಮೆ ಕುರಿಯ ಉಣ್ಣೆ ಮಾತ್ರ. ಕಚ್ಚಾ ಉಣ್ಣೆಗೆ ಐರೋಪ್ಯ ಸಮುದಾಯ ಯಾರಿಂದಲೂ ಸುಂಕ ಪಡೆಯುತ್ತಿರಲಿಲ್ಲ. ಹಾಗಾಗಿ ಬ್ರಿಟನ್ ಸೇರಿದ್ದರಿಂದ ಅಲ್ಲಿಯ ಕುರಿಗಾರನಿಗೆ ಸುಂಕದ ಲೆಕ್ಕದಲ್ಲಿ ಒಂದು ಕಾಸಿನ ವ್ಯತ್ಯಾಸವೂ ಆಗಲಿಲ್ಲ. ಎಲ್ಲರಿಗೂ ಸುಂಕವಿಲ್ಲದ ಸರಕಿನ ಮೇಲೆ ಸುಂಕ ವಿನಾಯಿತಿ ಕೊಟ್ಟರೆ ಅದರಿಂದ ಬರುವುದು ಏನೂ ಇಲ್ಲ. ರಿಯಾಯಿತಿಯ ಬೆಲೆ ಇರುವುದು ಹೊರಗಿನವನು ಕಟ್ಟುವ ಸುಂಕಕ್ಕೂ ನಾವು ಕಟ್ಟುವ ಸುಂಕಕ್ಕೂ ನಡುವಿನ ಅಂತರದಲ್ಲಿ. ವಿದ್ಯಾರ್ಥಿಗಳಿಗೆ ಇದನ್ನು ಮೊದಲೇ ಮನದಟ್ಟು ಮಾಡಿಸಬೇಕೆಂದು ನನಗೆ ಅನ್ನಿಸುತ್ತದೆ.

ಪರಿಸ್ಥಿತಿ ಬದಲಾದದ್ದು ಹದಿನಾಲ್ಕು ವರ್ಷಗಳ ನಂತರ. 1986ರ ಅಕ್ಟೋಬರಿನಲ್ಲಿ ದ್ವೀಪಗಳ ಸುತ್ತ 150 ನಾಟಿಕಲ್ ಮೈಲಿಯ ಮೀನುಗಾರಿಕೆ ವಲಯವನ್ನು ಘೋಷಿಸಿ, 1987ರ ಫೆಬ್ರುವರಿಯಿಂದ ಪರವಾನಗಿ ಇಲ್ಲದೆ ಯಾರೂ ಅಲ್ಲಿ ಬಲೆ ಬಿಡುವಂತಿಲ್ಲ ಎಂದು ನಿಯಮ ಮಾಡಲಾಯಿತು. ಆ ನೀರಿನಲ್ಲಿ ಎರಡು ಬಗೆಯ ಬೊಂಡಾಸ್ ಹೇರಳವಾಗಿ ಸಿಗುತ್ತದೆ. ಒಂದನ್ನು ವ್ಯಾಪಾರದಲ್ಲಿ ಇಲ್ಲೆಕ್ಸ್ ಎನ್ನುತ್ತಾರೆ, ಇನ್ನೊಂದನ್ನು ಲೊಲಿಗೊ ಎನ್ನುತ್ತಾರೆ. ಈ ಎರಡರ ಹಾದಿ ಬೇರೆಯಾದ ಬಗೆಯಲ್ಲಿಯೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವಿದೆ.

ಮೀನಿನ ಮೂಲವನ್ನು ನಿರ್ಧರಿಸುವುದು ಅದು ಈಜಿದ ನೀರಲ್ಲ, ಹಿಡಿದ ಹಡಗು. ದಡದಿಂದ 12 ಮೈಲಿಯೊಳಗಿನ ಪ್ರಾದೇಶಿಕ ಸಮುದ್ರವನ್ನು ದಾಟಿದ ಮೇಲೆ ಹಿಡಿದ ಮೀನಿಗೆ ಐರೋಪ್ಯ ಮೂಲ ನಿಯಮಗಳ ಪ್ರಕಾರ ಹಡಗಿನ ಬಾವುಟ ಯಾರದು, ಒಡೆತನ ಯಾರದು ಎಂಬುದೇ ಊರಿನ ಹೆಸರನ್ನು ಕೊಡುತ್ತದೆ. ಇಲ್ಲೆಕ್ಸನ್ನು ಹಿಡಿಯಲು ಬರುವುದು ಮುಖ್ಯವಾಗಿ ಪೂರ್ವ ಏಷ್ಯಾದ ಹಡಗುಗಳು. ಅವು ಪರವಾನಗಿ ಶುಲ್ಕ ಕಟ್ಟಿ ಹಿಡಿದುಕೊಂಡು ಹೋಗುತ್ತವೆ. ಆ ಮೀನು ಫಾಕ್‌ಲ್ಯಾಂಡಿನ ಸಮುದ್ರದ್ದಾದರೂ ಫಾಕ್‌ಲ್ಯಾಂಡಿನ ರಫ್ತಲ್ಲ. ಲೊಲಿಗೊ ಹಾಗಲ್ಲ. ಸ್ಥಳೀಯ ಕಂಪನಿಗಳು ಸ್ಪೇನಿನ ಗಲೀಸಿಯ ಪ್ರಾಂತ್ಯದ ಹಡಗು ಮಾಲೀಕರೊಂದಿಗೆ ಪಾಲುದಾರಿಕೆ ಮಾಡಿಕೊಂಡು, ಫಾಕ್‌ಲ್ಯಾಂಡಿನ ಬಾವುಟ ಹಾರಿಸುವ ಟ್ರಾಲರ್‌ಗಳಲ್ಲಿ ಹಿಡಿದು, ಹಡಗಿನಲ್ಲಿಯೇ ಶೀತಲೀಕರಿಸಿ, ವೀಗೊ ಬಂದರಿಗೆ ಸುಂಕವಿಲ್ಲದೆ ಕಳುಹಿಸತೊಡಗಿದವು. ಈ ಪಾಲುದಾರಿಕೆ ಹುಟ್ಟಿದ್ದಕ್ಕೆ ಸುಂಕರಹಿತ ಪ್ರವೇಶವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಗಲೀಸಿಯದವರಿಗೆ ಹಡಗು, ಬಂಡವಾಳ, ಗ್ರಾಹಕರು ಎಲ್ಲವೂ ಇದ್ದರು, ಬೇಕಾಗಿದ್ದದ್ದು ಮೀನು ಮಾತ್ರ. ಆದರೆ ಫಾಕ್‌ಲ್ಯಾಂಡಿನ ಬಾವುಟವನ್ನೇ ಹಾರಿಸುವುದು ಇಬ್ಬರಿಗೂ ಲಾಭದಾಯಕವಾದದ್ದರಲ್ಲಿ ಸಹವರ್ತಿ ಸ್ಥಾನದ ಪಾಲು ದೊಡ್ಡದು. ಸುಮಾರು 3,500 ಜನರಿರುವ ಆ ದ್ವೀಪಗಳ ಆದಾಯದಲ್ಲಿ ಮೀನುಗಾರಿಕೆಯದ್ದೇ ಹಿರಿಯ ಪಾಲು.

ಇನ್ನು ಹೊರಬಂದ ಕಥೆ. 2020ರ ಡಿಸೆಂಬರ್ 24ರಂದು ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ಮಾಡಿಕೊಂಡ ವ್ಯಾಪಾರ ಒಪ್ಪಂದ ಬ್ರಿಟನ್ನಿನ ಸಾಗರೋತ್ತರ ಪ್ರದೇಶಗಳಿಗೆ ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಬರೆದಿದೆ. ಸ್ಕಾಟ್ಲೆಂಡಿನ ಮೀನಿಗೆ ಸಿಕ್ಕ ಸುಂಕ ವಿನಾಯಿತಿ ಫಾಕ್‌ಲ್ಯಾಂಡಿನ ಮೀನಿಗೆ ಸಿಗಲಿಲ್ಲ. 2021ರ ಜನವರಿ 1ರಿಂದ ಲೊಲಿಗೊ ಮೇಲೆ ಶೇ. 6, ಇತರ ಮೀನುಗಳ ಮೇಲೆ ಶೇ. 18ರವರೆಗೆ, ಮಾಂಸದ ಮೇಲೆ ಸರಾಸರಿ ಶೇ. 42ರ ಸುಂಕ ಎದುರಾಯಿತು. ಐರೋಪ್ಯ ಮಾನದಂಡಕ್ಕೆ ತಕ್ಕಂತೆ ಕಸಾಯಿಖಾನೆ ಕಟ್ಟಿಕೊಂಡಿದ್ದ ಕುರಿಗಾರರಿಗೆ ಆ ದರದಲ್ಲಿ ಯೂರೋಪಿಗೆ ಮಾರುವ ಲೆಕ್ಕ ಕೂಡಿಬರುವುದೇ ಕಷ್ಟ. ಉಣ್ಣೆಗೆ ಮಾತ್ರ 1973ರಲ್ಲಿ ಆದಷ್ಟೇ ಈಗಲೂ ಆಯಿತು, ಅಂದರೆ ಏನೂ ಆಗಲಿಲ್ಲ.

ಆದರೂ ಬೊಂಡಾಸ್ ವೀಗೊಗೆ ಹೋಗುವುದು ನಿಲ್ಲಲಿಲ್ಲ. ಒಂದು ಕಂಟೇನರಿನ ಸರಕಿನ ಬೆಲೆ 1 ಲಕ್ಷ ಯೂರೋ ಎಂದಿಟ್ಟುಕೊಂಡರೆ 6,000 ಯೂರೋ ಸುಂಕ ಬೀಳುತ್ತದೆ. ಕಾಗದದ ಮೇಲೆ ಅದನ್ನು ಕಟ್ಟುವವನು ಆಮದುದಾರ. ಅವನು ಅದನ್ನು ಗ್ರಾಹಕನ ಮೇಲೆ ಹೊರಿಸಬಹುದೇ ಅಥವಾ ಹಿಡಿದವನಿಗೆ ಕೊಡುವ ಬೆಲೆಯಲ್ಲಿ ಮುರಿದುಕೊಳ್ಳಬಹುದೇ ಎಂಬುದು ಆ ವರ್ಷ ಬೇರೆ ಕಡೆಗಳಿಂದ ಎಷ್ಟು ಬೊಂಡಾಸ್ ಬಂದಿದೆ ಎಂಬುದರ ಮೇಲೆ ನಿಂತಿದೆ. ಇಲ್ಲಿ ಆಮದುದಾರನೂ ಹಿಡಿಯುವವನೂ ಒಂದೇ ಪಾಲುದಾರಿಕೆಯ ಎರಡು ತುದಿಗಳಾಗಿರುವುದರಿಂದ ಹೊರೆ ಇಬ್ಬರ ನಡುವೆ ಹಂಚಿಹೋಗುತ್ತದೆ, ದ್ವೀಪ ಸರ್ಕಾರದ ಕಂಪನಿ ತೆರಿಗೆಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ರಫ್ತಿನ ಪ್ರಮಾಣವನ್ನಷ್ಟೇ ನೋಡುವವರಿಗೆ ಈ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಪ್ರಮಾಣವನ್ನು ಏರಿಳಿಸುವುದು ಸುಂಕಕ್ಕಿಂತ ಹೆಚ್ಚಾಗಿ ಸಮುದ್ರ. ಬೊಂಡಾಸಿನ ಆಯುಷ್ಯ ಸುಮಾರು ಒಂದೇ ವರ್ಷದ್ದಾದ್ದರಿಂದ ಒಂದು ವರ್ಷ ತುಂಬಿ ಬಂದದ್ದು ಮರುವರ್ಷ ಬರಿದಾಗಬಹುದು.

ಉತ್ತರ 2
ಬರೆದವರು: ಉತ್ತರದ ಕಡಲು, ಆರ್ಹುಸ್

ಉಪನ್ಯಾಸಕಿಯವರಿಗೆ ನಮಸ್ಕಾರ. ನಾನು ಧಾರವಾಡದವನು, ಬಹಳ ವರ್ಷಗಳಿಂದ ಡೆನ್ಮಾರ್ಕಿನಲ್ಲಿ ನೆಲೆಸಿದ್ದೇನೆ. ಬಂದರುಕಟ್ಟೆಯವರ ಮಾತಿಗೆ ನಾನು ಒಪ್ಪುತ್ತೇನೆ, ಆದರೆ ಒಂದು ಸಂಗತಿಯನ್ನು ಅವರಿಗಿಂತ ಗಟ್ಟಿಯಾಗಿ ಹೇಳಬಯಸುತ್ತೇನೆ. ಸಾಗರೋತ್ತರ ಪ್ರದೇಶಕ್ಕೆ ಸುಂಕದ ದರಕ್ಕಿಂತ ದೊಡ್ಡ ಪ್ರಶ್ನೆಯೆಂದರೆ ಮಾರುವ ಸರಕಿನ ಮೂಲ ಯಾರ ಕೈಯಲ್ಲಿದೆ ಎಂಬುದು. ಗ್ರೀನ್‌ಲ್ಯಾಂಡ್ ಅದಕ್ಕೆ ಬಹಳ ಸ್ಪಷ್ಟವಾದ ಉದಾಹರಣೆ.

1972ರ ಅಕ್ಟೋಬರಿನಲ್ಲಿ ನಡೆದ ಜನಮತಗಣನೆಯಲ್ಲಿ ಡೆನ್ಮಾರ್ಕಿನ ಶೇ. 63ರಷ್ಟು ಮತದಾರರು ಸಮುದಾಯ ಸೇರಲು ಒಪ್ಪಿದರು, ಗ್ರೀನ್‌ಲ್ಯಾಂಡಿನಲ್ಲಿ ಶೇ. 70ರಷ್ಟು ಜನ ಬೇಡವೆಂದರು. 1953ರ ಸಂವಿಧಾನದ ನಂತರ ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ಒಂದು ಜಿಲ್ಲೆಯಷ್ಟೇ ಆಗಿದ್ದುದರಿಂದ ಅದರ ಬೇಡ ಎಂಬ ಮಾತಿಗೆ ಕಾನೂನಿನ ಬಲವಿರಲಿಲ್ಲ, ಅದು ಒಳಗೆ ಹೋಗಲೇಬೇಕಾಯಿತು. 1948ರಲ್ಲಿಯೇ ಸ್ವಯಮಾಡಳಿತ ಪಡೆದಿದ್ದ ಫಾರೋ ದ್ವೀಪಗಳು ಮಾತ್ರ ಹೊರಗುಳಿದವು. ಒಂದೇ ಸಿಂಹಾಸನದ ಆಡಳಿತಕ್ಕೆ ಒಳಪಟ್ಟ, ಮೀನನ್ನೇ ನಂಬಿ ಬದುಕುವ ಎರಡು ನಾಡುಗಳು ಹೀಗೆ ಒಂದೇ ದಿನ ಎರಡು ದಾರಿ ಹಿಡಿದವು. ನಿಮ್ಮ ತರಗತಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ಒಳಗೆ ಹೋದ ಗ್ರೀನ್‌ಲ್ಯಾಂಡಿಗೆ ಸುಂಕದ ಲಾಭವೂ ಸಿಕ್ಕಿತು, ಸಮುದಾಯದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನಿಂದ ಅಭಿವೃದ್ಧಿ ಹಣವೂ ಬಂತು. ಆದರೆ ಸದಸ್ಯತ್ವದ ಜೊತೆಗೆ ಅದರ ಸಮುದ್ರ ಎಲ್ಲರ ಸಮುದ್ರವಾಯಿತು. ತಮ್ಮ ಕಣ್ಣೆದುರಿನ ನೀರಿನಲ್ಲಿ ಯಾರು ಎಷ್ಟು ಕಾಡ್ ಮೀನು ಹಿಡಿಯಬೇಕೆಂಬುದನ್ನು ಸಾವಿರಾರು ಕಿಲೋಮೀಟರ್ ದೂರದ ಸಭೆಗಳು ನಿರ್ಧರಿಸುವುದನ್ನು, ಪಶ್ಚಿಮ ಜರ್ಮನಿಯ ಟ್ರಾಲರ್‌ಗಳು ಅಲ್ಲಿಗೆ ಬಂದು ಬಲೆ ಹಾಕುವುದನ್ನು ಚಿಕ್ಕ ದೋಣಿಯ ಮೀನುಗಾರರು ನೋಡಬೇಕಾಯಿತು. ಸುಂಕವಿಲ್ಲದೆ ಮಾರುವ ಹಕ್ಕು ಇದ್ದು ಹಿಡಿಯುವ ಮೀನೇ ಬೇರೆಯವರ ಪಾಲಾದರೆ ಆ ಹಕ್ಕಿನಿಂದ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆಯಾಗಿತ್ತು, ಮತ್ತು ಅದು ನ್ಯಾಯವಾದ ಪ್ರಶ್ನೆಯೆಂದೇ ನಾನು ತಿಳಿಯುತ್ತೇನೆ.

1979ರ ಮೇ 1ರಂದು ಸ್ವಯಮಾಡಳಿತ ಬಂತು. 1982ರ ಫೆಬ್ರುವರಿಯಲ್ಲಿ ಮತ್ತೆ ಜನಮತಗಣನೆ ನಡೆದು ಸುಮಾರು ಶೇ. 53ರಷ್ಟು ಜನ ಹೊರಬರಲು ಮತ ಹಾಕಿದರು. 1985ರ ಫೆಬ್ರುವರಿ 1ರಂದು ಗ್ರೀನ್‌ಲ್ಯಾಂಡ್ ಅಧಿಕೃತವಾಗಿ ಹೊರಬಂತು. ಅವರು ಹೊರಬಂದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸದಸ್ಯತ್ವ ಬಿಟ್ಟರು, ಆದರೆ ಫಾಕ್‌ಲ್ಯಾಂಡಿಗಿದ್ದ ಅದೇ ಸಹವರ್ತಿ ಸ್ಥಾನವನ್ನು ಪಡೆದುಕೊಂಡರು. ಮೀನಿನ ಉತ್ಪನ್ನಗಳಿಗೆ ಸುಂಕರಹಿತ ಪ್ರವೇಶ ಮುಂದುವರಿಯಿತು. ಅದಕ್ಕೆ ಪ್ರತಿಯಾಗಿ ಸಮುದಾಯದ ಹಡಗುಗಳಿಗೆ ಒಪ್ಪಂದದ ಪ್ರಕಾರ, ಹಣ ಕಟ್ಟಿಸಿಕೊಂಡು, ಮೀನು ಹಿಡಿಯಲು ಅವಕಾಶ ಕೊಡಬೇಕೆಂಬ ಷರತ್ತು ಬಂತು. ಮೊದಲು ಉಚಿತವಾಗಿ ಹೋಗುತ್ತಿದ್ದ ಮೀನಿಗೆ ಈಗ ಬೆಲೆ ಬಂತು, ಮಾರುಕಟ್ಟೆಯೂ ಕೈತಪ್ಪಲಿಲ್ಲ. ಇಂದಿಗೂ ಆ ನಾಡಿನ ಸರಕು ರಫ್ತಿನಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಸೀಗಡಿ, ಹ್ಯಾಲಿಬಟ್, ಕಾಡ್ ಮುಂತಾದ ಮೀನಿನದ್ದೇ. ಕೊಡಲು ಏನಾದರೂ ಇದ್ದವರಿಗೆ ಮಾತ್ರ ಇಂತಹ ಒಪ್ಪಂದ ಸಾಧ್ಯವಾಗುತ್ತದೆ. ಸುಮಾರು 56,000 ಜನರ ನಾಡು ತನ್ನ ಸಮುದ್ರವನ್ನು ಮುಂದಿಟ್ಟುಕೊಂಡು ಮಾತಾಡಿದ್ದರಿಂದಲೇ ಬ್ರಸೆಲ್ಸ್ ಕಿವಿಗೊಟ್ಟಿತು.

ಫಾರೋ ದ್ವೀಪಗಳ ದಾರಿಯಲ್ಲಿ ಲಾಭವೂ ಇತ್ತು, ಅಪಾಯವೂ ಇತ್ತು. ಅವು ಪ್ರತ್ಯೇಕ ವ್ಯಾಪಾರ ಒಪ್ಪಂದಗಳನ್ನು ಮಾಡಿಕೊಂಡು ಮೀನನ್ನು ಯೂರೋಪಿಗೆ ಮಾರುತ್ತ ಬಂದವು. 2013ರಲ್ಲಿ ಹೆರಿಂಗ್ ಮೀನಿನ ಪಾಲಿನ ವಿಷಯದಲ್ಲಿ ವಿವಾದವಾದಾಗ ಐರೋಪ್ಯ ಒಕ್ಕೂಟ ಫಾರೋದ ಹೆರಿಂಗ್ ಮತ್ತು ಮ್ಯಾಕೆರೆಲ್ ಮೇಲೆ ನಿರ್ಬಂಧ ಹೇರಿತು. ಫಾರೋ ದ್ವೀಪಗಳ ಪರವಾಗಿ ಡೆನ್ಮಾರ್ಕ್ ತಾನೇ ಸದಸ್ಯನಾಗಿರುವ ಒಕ್ಕೂಟದ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಸಲ್ಲಿಸಬೇಕಾಯಿತು. ಮರುವರ್ಷ ಆ ನಿರ್ಬಂಧ ತೆರವಾಯಿತು. ಅದೇ 2014ರ ಆಗಸ್ಟಿನಲ್ಲಿ ರಷ್ಯಾ ಐರೋಪ್ಯ ಒಕ್ಕೂಟದ ಆಹಾರ ಪದಾರ್ಥಗಳನ್ನು ನಿಷೇಧಿಸಿದಾಗ, ಹೊರಗಿದ್ದ ಫಾರೋ ದ್ವೀಪಗಳ ಸಾಲ್ಮನ್ ಮೀನಿಗೆ ಆ ಮಾರುಕಟ್ಟೆ ತೆರೆದೇ ಇತ್ತು, ಅವರ ಮಾರಾಟ ಅಲ್ಲಿ ಬಹಳ ಹೆಚ್ಚಿತು. ಒಕ್ಕೂಟದ ಒಳಗಿರುವವನಿಗೆ ಅದರ ಜಗಳಗಳೂ ತನ್ನವೇ ಆಗುತ್ತವೆ, ಹೊರಗಿರುವವನ ಮೇಲೆ ಒಕ್ಕೂಟವೇ ತಿರುಗಿ ಬೀಳಬಹುದು. ಫಾರೋ ಒಂದೇ ವರ್ಷದ ಅಂತರದಲ್ಲಿ ಈ ಎರಡನ್ನೂ ಕಂಡಿತು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಬರೆದವರು: ಕುಂದಾಪುರದ ಉಪನ್ಯಾಸಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಡಗಿನ ಬಾವುಟ ಮೀನಿನ ಊರನ್ನು ನಿರ್ಧರಿಸುತ್ತದೆ ಎಂಬ ಮಾತನ್ನು ನಾನು ಇದುವರೆಗೆ ಯೋಚಿಸಿಯೇ ಇರಲಿಲ್ಲ. ಎರಡು ಸಂದೇಹಗಳು ಉಳಿದಿವೆ. ಫಾಕ್‌ಲ್ಯಾಂಡಿನವರಿಗೆ ಒಕ್ಕೂಟ ಬಿಡುವ ಬಗ್ಗೆ ಬ್ರಿಟನ್ 2016ರಲ್ಲಿ ನಡೆಸಿದ ಜನಮತಗಣನೆಯಲ್ಲಿ ಮತವಿತ್ತೇ? ಮತ್ತು ಸಹವರ್ತಿಯಾಗದೆ ಸಂಪೂರ್ಣವಾಗಿ ಒಳಗೇ ಇರುವ ಮಾರ್ಟಿನಿಕ್‌ನಂತಹ ಪ್ರದೇಶಗಳ ರಫ್ತು ಇವರಿಗಿಂತ ಸುಭದ್ರವಾಗಿದೆಯೇ?

ಉತ್ತರ 3
ಬರೆದವರು: ತೋಟದ ಮನೆ, ಶಿರಸಿ

ಮೇಡಂ, ಎರಡನೆಯ ಸಂದೇಹಕ್ಕೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ಕೃಷಿ ಅರ್ಥಶಾಸ್ತ್ರ ಓದಿದವನು, ಅಡಿಕೆಯ ನಡುವೆ ಬಾಳೆ ಬೆಳೆಯುವ ಮನೆಯವನು. ಬಾಳೆಗೊನೆಯ ಬೆಲೆ ಒಂದು ವಾರದಲ್ಲಿ ಹೇಗೆ ಬೀಳುತ್ತದೆಂದು ಕಂಡವನಾದ್ದರಿಂದ ಕೆರಿಬಿಯನ್ ಬೆಳೆಗಾರರ ಪರಿಸ್ಥಿತಿ ನನಗೆ ದೂರದ ವಿಷಯವೆಂದು ಅನ್ನಿಸುವುದಿಲ್ಲ.

ಮಾರ್ಟಿನಿಕ್, ಗ್ವಾಡಲೂಪ್, ರೀಯೂನಿಯನ್, ಫ್ರೆಂಚ್ ಗಯಾನಾ ಇವು ಫ್ರಾನ್ಸಿನ ಜಿಲ್ಲೆಗಳೇ ಆಗಿರುವುದರಿಂದ ಐರೋಪ್ಯ ಒಕ್ಕೂಟದ ನೆಲವೇ ಆಗಿವೆ. ಅಲ್ಲಿಯ ಬಾಳೆಹಣ್ಣು ಪ್ಯಾರಿಸ್ಸಿಗೆ ಹೋಗುವುದು ನಮ್ಮ ಶಿರಸಿಯದ್ದು ಹುಬ್ಬಳ್ಳಿಗೆ ಹೋದಂತೆ. ಸುಂಕದ ಮಾತೇ ಇಲ್ಲ. ಆದರೆ ಅಲ್ಲಿಯ ಕೂಲಿಯೂ ಫ್ರಾನ್ಸಿನ ಕೂಲಿ, ಕಾರ್ಮಿಕ ನಿಯಮವೂ ಫ್ರಾನ್ಸಿನದೇ. ಪಕ್ಕದ ಲ್ಯಾಟಿನ್ ಅಮೆರಿಕದ ಎಕ್ವಡಾರ್, ಕೊಲಂಬಿಯ, ಕೋಸ್ಟಾರಿಕದ ವಿಶಾಲ ತೋಟಗಳಲ್ಲಿ ಬೆಳೆದ ಹಣ್ಣಿನ ಬೆಲೆಗೆ ಇವರು ಎಂದೂ ಸರಿಗಟ್ಟಲಾರರು. ಹಾಗಾಗಿ ಒಳಗಿರುವುದರಿಂದ ಬರುವ ಭದ್ರತೆಯೆಲ್ಲವೂ ಹೊರಗಿನವರ ಮುಂದೆ ಎಷ್ಟು ಎತ್ತರದ ಬೇಲಿ ಇದೆ ಎಂಬುದರ ಮೇಲೆ ನಿಂತಿದೆ, ಮತ್ತು ಬೇಲಿಯ ಎತ್ತರವನ್ನು ನಿರ್ಧರಿಸುವವರು ದ್ವೀಪದವರಲ್ಲ.

1962ರಿಂದ ಫ್ರಾನ್ಸ್ ತನ್ನ ಬಾಳೆ ಮಾರುಕಟ್ಟೆಯ ಮೂರನೇ ಎರಡು ಭಾಗವನ್ನು ಈ ದ್ವೀಪಗಳಿಗೂ ಉಳಿದದ್ದನ್ನು ತನ್ನ ಹಿಂದಿನ ಆಫ್ರಿಕದ ವಸಾಹತುಗಳಿಗೂ ಮೀಸಲಿಟ್ಟಿತ್ತು. 1993ರ ಜುಲೈನಲ್ಲಿ ಇಡೀ ಒಕ್ಕೂಟಕ್ಕೆ ಒಂದೇ ಬಾಳೆ ಮಾರುಕಟ್ಟೆ ನೀತಿ ಬಂದಾಗ ಈ ಮೀಸಲು ಮುರಿದು ಕೋಟಾ ಮತ್ತು ಸುಂಕದ ಬೇಲಿ ಬಂತು. ಅದನ್ನು ಪ್ರಶ್ನಿಸಿ ಅಮೆರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವರ್ಷಗಟ್ಟಲೆ ಹೋರಾಡಿದವು. 2009ರ ಡಿಸೆಂಬರಿನ ಜಿನೀವಾ ಒಪ್ಪಂದದಲ್ಲಿ ಪ್ರತಿ ಟನ್‌ಗೆ 176 ಯೂರೋ ಇದ್ದ ಸುಂಕವನ್ನು ಹಂತಹಂತವಾಗಿ 114ಕ್ಕೆ ಇಳಿಸಲು ಒಕ್ಕೂಟ ಒಪ್ಪಿತು. ಆಮೇಲೆ ಕೊಲಂಬಿಯ, ಪೆರು ಮತ್ತು ಮಧ್ಯ ಅಮೆರಿಕದ ದೇಶಗಳೊಂದಿಗೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದಗಳಿಂದ ಅವುಗಳಿಗೆ ಸುಂಕ 75 ಯೂರೋಗೆ ಇಳಿಯಿತು. ಮಾರ್ಟಿನಿಕ್‌ನ ಬೆಳೆಗಾರನ ಮೇಲೆ ಯಾರೂ ಒಂದು ಪೈಸೆಯ ಹೊಸ ಸುಂಕವನ್ನೂ ಹಾಕಲಿಲ್ಲ. ಆದರೂ ಅವನ ಅನುಕೂಲ ಅರ್ಧಕ್ಕಿಂತ ಕಡಿಮೆಯಾಯಿತು. ಆಳುವ ದೇಶ ಒಕ್ಕೂಟ ಸೇರಿದ ದಿನದ ಲಾಭವನ್ನು ಮಾತ್ರ ಅಳೆಯುವವರು ಈ ನಿಧಾನದ ಸವಕಳಿಯನ್ನು ಬಿಟ್ಟುಬಿಡುತ್ತಾರೆ. ನಷ್ಟ ತುಂಬಿಕೊಡಲು ಬ್ರಸೆಲ್ಸ್ ಪ್ರತಿ ವರ್ಷ ನೆರವಿನ ಹಣ ಕೊಡುತ್ತದೆ, ಅಂದರೆ ಅಲ್ಲಿಯ ಬಾಳೆ ರಫ್ತು ಈಗ ಸುಂಕದ ಬೇಲಿಗಿಂತ ಹೆಚ್ಚಾಗಿ ಸಹಾಯಧನದ ಆಸರೆಯಲ್ಲಿ ನಿಂತಿದೆ. ರೀಯೂನಿಯನ್ನಿನ ಕಬ್ಬಿನದೂ ಇದೇ ದಾರಿ: 2017ರ ಅಕ್ಟೋಬರಿನಲ್ಲಿ ಒಕ್ಕೂಟದ ಸಕ್ಕರೆ ಕೋಟಾ ಕೊನೆಗೊಂಡಾಗ ಅದಕ್ಕೆ ಯೂರೋಪಿನ ಬೀಟ್ ಸಕ್ಕರೆಯ ಜೊತೆ ನೇರ ಪೈಪೋಟಿ ಎದುರಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ರಕ್ಷಿತ ಮಾರುಕಟ್ಟೆಗಾಗಿ ಇಡೀ ದ್ವೀಪ ಒಂದೇ ಬೆಳೆಯನ್ನು ನೆಚ್ಚಿಕೊಂಡಾಗ ಅದನ್ನು ಉಳಿಸಿಕೊಳ್ಳಲು ಏನನ್ನಾದರೂ ಮಾಡುವ ಒತ್ತಡ ಹುಟ್ಟುತ್ತದೆ. ಬಾಳೆಯ ಬುಡ ಕೊರೆಯುವ ಮೂತಿಹುಳುವನ್ನು ಕೊಲ್ಲಲು ಮಾರ್ಟಿನಿಕ್ ಮತ್ತು ಗ್ವಾಡಲೂಪ್‌ನಲ್ಲಿ 1972ರಿಂದ 1993ರವರೆಗೆ ಕ್ಲೋರ್ಡೆಕೋನ್ ಎಂಬ ವಿಷವನ್ನು ಬಳಸಿದರು. ಫ್ರಾನ್ಸ್ 1990ರಲ್ಲಿಯೇ ಅದರ ಅನುಮತಿಯನ್ನು ಹಿಂತೆಗೆದುಕೊಂಡರೂ ಈ ದ್ವೀಪಗಳಿಗೆ ಹೆಚ್ಚುವರಿ ಅವಧಿ ಕೊಡಲಾಯಿತು. ಆ ವಿಷ ಇಂದಿಗೂ ಅಲ್ಲಿಯ ಮಣ್ಣಿನಲ್ಲಿ, ನೀರಿನಲ್ಲಿ, ಮೀನಿನಲ್ಲಿ, ಜನರ ರಕ್ತದಲ್ಲಿ ಇದೆ. ರಫ್ತಿನ ಅಂಕಿಅಂಶಗಳ ಯಾವ ಕೋಷ್ಟಕದಲ್ಲಿಯೂ ಈ ಖರ್ಚು ಕಾಣುವುದಿಲ್ಲ, ಆದ್ದರಿಂದ ತರಗತಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕು.

ಉತ್ತರ 4
ಬರೆದವರು: ಸುಂಕ ಮತ್ತು ನ್ಯಾಯ, ಬೆಂಗಳೂರು

ಬಂದರುಕಟ್ಟೆಯವರು ಹಾಂಗ್‌ಕಾಂಗ್ ಬಗ್ಗೆ ಹೇಳಿದ ಮಾತಿಗೆ ಒಂದು ಮೊಕದ್ದಮೆಯ ವಿವರವನ್ನು ಸೇರಿಸಬಯಸುತ್ತೇನೆ, ಏಕೆಂದರೆ ಸಹವರ್ತಿ ಸ್ಥಾನದ ಮಿತಿ ಎಲ್ಲಿದೆಯೆಂಬುದನ್ನು ಅದು ತೋರಿಸುತ್ತದೆ.

1991ರ ಐರೋಪ್ಯ ನಿರ್ಧಾರದಲ್ಲಿ ಸಾಗರೋತ್ತರ ಪ್ರದೇಶಗಳಿಗೆ ಉದಾರವಾದ ಒಂದು ಅವಕಾಶವಿತ್ತು. ಆಫ್ರಿಕ, ಕೆರಿಬಿಯನ್ ಮತ್ತು ಪೆಸಿಫಿಕ್‌ನ ಒಪ್ಪಂದ ದೇಶಗಳಿಂದ ಕಚ್ಚಾ ವಸ್ತು ತಂದು ದ್ವೀಪದಲ್ಲಿ ಸ್ವಲ್ಪ ಸಂಸ್ಕರಿಸಿದರೂ ಅದು ದ್ವೀಪದ ಸರಕೇ ಎಂದು ಎಣಿಸಿ, ಸುಂಕವಿಲ್ಲದೆ ಯೂರೋಪಿಗೆ ಬಿಡಲಾಗುತ್ತಿತ್ತು. ನೆದರ್ಲ್ಯಾಂಡ್ಸಿನ ಅಧೀನದ ಅರೂಬಾದಲ್ಲಿ ಕಬ್ಬು ಬೆಳೆಯುವುದಿಲ್ಲ. ಆದರೂ ಅಲ್ಲಿ ಒಂದು ಕಾರ್ಖಾನೆ ಹುಟ್ಟಿ, ಟ್ರಿನಿಡಾಡ್‌ನಿಂದ ಸಕ್ಕರೆ ತರಿಸಿ, ಶುಚಿಮಾಡಿ, ಪುಡಿಮಾಡಿ, ಪೊಟ್ಟಣ ಕಟ್ಟಿ ಯೂರೋಪಿಗೆ ಕಳುಹಿಸತೊಡಗಿತು. ಗಯಾನಾ ಮತ್ತು ಸುರಿನಾಮ್‌ನ ಅಕ್ಕಿಯೂ ಇಂತಹ ದ್ವೀಪಗಳ ಮೂಲಕ ದೊಡ್ಡ ಪ್ರಮಾಣದಲ್ಲಿ ಹೋಯಿತು. ಯೂರೋಪಿನ ಬೀಟ್ ಮತ್ತು ಭತ್ತದ ಬೆಳೆಗಾರರು ಆಕ್ಷೇಪಿಸಿದರು. 1997ರ ಕೊನೆಯಲ್ಲಿ ಒಕ್ಕೂಟದ ಸದಸ್ಯ ದೇಶಗಳ ಮಂತ್ರಿಮಂಡಳಿಯು ನಿಯಮವನ್ನು ಬದಲಿಸಿ, ಈ ದಾರಿಯಲ್ಲಿ ಬರುವ ಸಕ್ಕರೆಗೆ ವರ್ಷಕ್ಕೆ 3,000 ಟನ್ನಿನ ಮಿತಿ ಹಾಕಿತು. ಕಾರ್ಖಾನೆಯವರು ನ್ಯಾಯಾಲಯಕ್ಕೆ ಹೋದರು. ರಿಯಾಯಿತಿಯನ್ನು ಒಮ್ಮೆ ಕೊಟ್ಟ ಮೇಲೆ ಕಡಿತಗೊಳಿಸುವಂತಿಲ್ಲ ಎಂಬ ವಾದವನ್ನು ಐರೋಪ್ಯ ನ್ಯಾಯಾಲಯ 2000ನೇ ಇಸವಿಯ ತೀರ್ಪಿನಲ್ಲಿ ಒಪ್ಪಲಿಲ್ಲ.

ಅರೂಬಾದ ಜನರ ದೃಷ್ಟಿಯಿಂದ ನೋಡಿದರೆ ಇದು ಕಹಿಯಾದ ತೀರ್ಪು. ಯೂರೋಪಿನ ಬೆಳೆಗಾರರ ದೃಷ್ಟಿಯಿಂದ, ದ್ವೀಪದಲ್ಲಿ ಬೆಳೆಯದ ಸಕ್ಕರೆಗೆ ದ್ವೀಪದ ಹೆಸರಿನಲ್ಲಿ ರಿಯಾಯಿತಿ ಕೊಡುವುದೇ ತಪ್ಪು. ನನಗೆ ಎರಡನೆಯ ವಾದದಲ್ಲಿ ಹುರುಳಿದೆ ಎನ್ನಿಸಿದರೂ, ಮಿತಿ ಹಾಕುವ ಅಧಿಕಾರ ಒಂದೇ ಕಡೆಗಿದ್ದರೆ ದ್ವೀಪದಲ್ಲಿ ಬಂಡವಾಳ ಹೂಡುವವರಿಗೆ ಧೈರ್ಯ ಬರುವುದು ಕಷ್ಟ ಎಂಬುದನ್ನೂ ಒಪ್ಪಬೇಕಾಗುತ್ತದೆ. ಸದಸ್ಯ ದೇಶಕ್ಕೆ ಸಭೆಯಲ್ಲಿ ಒಂದು ಕುರ್ಚಿ ಇರುತ್ತದೆ. ಸಹವರ್ತಿ ಪ್ರದೇಶದ ಪರವಾಗಿ ಮಾತಾಡಬೇಕಾದವನು ಆಳುವ ದೇಶದ ಮಂತ್ರಿ. ಅವನಿಗೆ ಆ ದಿನ ಬೇರೆ ಹತ್ತು ಚೌಕಾಸಿಗಳಿರುತ್ತವೆ.

ಉತ್ತರ 5
ಬರೆದವರು: ಬಂದರುಕಟ್ಟೆ, ಮಂಗಳೂರು

ಮೇಡಂ, ನಿಮ್ಮ ಮೊದಲನೆಯ ಸಂದೇಹಕ್ಕೆ ಉತ್ತರ: 2016ರಲ್ಲಿ ಬ್ರಿಟನ್ನಿನ ಸಾಗರೋತ್ತರ ಪ್ರದೇಶಗಳ ಪೈಕಿ ಜಿಬ್ರಾಲ್ಟರಿಗೆ ಮಾತ್ರ ಮತವಿತ್ತು, ಅಲ್ಲಿ ಶೇ. 96ರಷ್ಟು ಜನ ಒಕ್ಕೂಟದಲ್ಲಿಯೇ ಉಳಿಯಬೇಕೆಂದರು. ಫಾಕ್‌ಲ್ಯಾಂಡಿನವರನ್ನು ಕೇಳಲಿಲ್ಲ. ತಮ್ಮ ಬದುಕಿನ ಮುಖ್ಯ ಮಾರುಕಟ್ಟೆಯ ನಿಯಮ ಬದಲಾಗುವಾಗ ಅವರಿಗೆ ಮತವೂ ಇರಲಿಲ್ಲ, ಆಮೇಲಿನ ಮಾತುಕತೆಯ ಮೇಜಿನಲ್ಲಿ ಸ್ಥಾನವೂ ಇರಲಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ.

ಉತ್ತರದ ಕಡಲಿನವರು ಗ್ರೀನ್‌ಲ್ಯಾಂಡಿನ ಜಾಣತನವನ್ನು ಸರಿಯಾಗಿಯೇ ವಿವರಿಸಿದ್ದಾರೆ. ಅದಕ್ಕೆ ಒಂದು ಮುಂದುವರಿಕೆಯಿದೆ. ಗ್ರೀನ್‌ಲ್ಯಾಂಡಿನ ತಣ್ಣೀರಿನ ಸೀಗಡಿಗೆ ಬ್ರಿಟನ್ ಹಳೆಯ ಗಿರಾಕಿ. ಬ್ರಿಟನ್ ಒಕ್ಕೂಟ ಬಿಟ್ಟಾಗ ಗ್ರೀನ್‌ಲ್ಯಾಂಡಿಗಿದ್ದ ಸುಂಕರಹಿತ ಪ್ರವೇಶ ಬ್ರಸೆಲ್ಸ್ ಬಳಿ ಉಳಿಯಿತು, ಲಂಡನ್ನಿನ ಬಳಿ ಉಳಿಯಲಿಲ್ಲ. 2021ರ ಜನವರಿಯಿಂದ ಅದೇ ಸೀಗಡಿಗೆ ಬ್ರಿಟನ್ನಿನಲ್ಲಿ ಶೇ. 20ರವರೆಗೆ ಸುಂಕ ಬಿತ್ತು. ಹೊರಗಿದ್ದು ಸ್ವಂತ ಒಪ್ಪಂದ ಮಾಡಿಕೊಳ್ಳುವ ಅಭ್ಯಾಸವಿದ್ದ ಫಾರೋ ದ್ವೀಪಗಳು 2019ರಲ್ಲಿಯೇ ಬ್ರಿಟನ್ನಿನೊಂದಿಗೆ ಸಹಿ ಹಾಕಿ ಸಿದ್ಧವಾಗಿದ್ದವು. ಒಕ್ಕೂಟ ಬಿಟ್ಟದ್ದು ಬ್ರಿಟನ್. ಅದರ ಬಿಸಿ ತಟ್ಟಿದ್ದು ಡೆನ್ಮಾರ್ಕಿನ ಅಧೀನದ, ಒಕ್ಕೂಟದ ಸದಸ್ಯನೂ ಅಲ್ಲದ ಗ್ರೀನ್‌ಲ್ಯಾಂಡಿಗೆ.

ಉತ್ತರ 6
ಬರೆದವರು: ಉತ್ತರದ ಕಡಲು, ಆರ್ಹುಸ್

ಬಂದರುಕಟ್ಟೆಯವರು ಹೇಳಿದ ಸೀಗಡಿಯ ಸಂಗತಿಯನ್ನು ಸೇರಿಸಲು ನಾನು ಮರೆತಿದ್ದೆ, ಅವರಿಗೆ ಕೃತಜ್ಞತೆಗಳು.

ಉಪನ್ಯಾಸಕಿಯವರು ವಿದ್ಯಾರ್ಥಿಗಳಿಗೆ ಗ್ರೀನ್‌ಲ್ಯಾಂಡ್ ಮತ್ತು ಫಾರೋ ಜೋಡಿಯನ್ನು ಅಭ್ಯಾಸಕ್ಕೆ ಕೊಡುವುದಾದರೆ ಒಂದು ಎಚ್ಚರಿಕೆ. 1973ರಿಂದ 1985ರವರೆಗಿನ ರಫ್ತಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಒಳಗಿದ್ದವನಿಗೆ ಇಷ್ಟು, ಹೊರಗಿದ್ದವನಿಗೆ ಇಷ್ಟು ಎಂದು ಕಳೆದು ನೋಡಿದರೆ ಸರಿಯಾದ ಉತ್ತರ ಬರುವುದಿಲ್ಲ. ಆ ಅವಧಿಯ ನಡುವೆಯೇ, 1977ರ ಸುಮಾರಿಗೆ, ಉತ್ತರ ಅಟ್ಲಾಂಟಿಕ್‌ನ ದೇಶಗಳೆಲ್ಲ ತಮ್ಮ ಮೀನುಗಾರಿಕೆ ಗಡಿಯನ್ನು 200 ಮೈಲಿಗೆ ವಿಸ್ತರಿಸಿಕೊಂಡವು. ದೂರದ ನೀರಿಗೆ ಹೋಗಿ ಮೀನು ಹಿಡಿಯುತ್ತಿದ್ದ ಫಾರೋದ ಹಡಗುಗಳು ಮನೆಯ ಕಡೆಗೆ ತಿರುಗಬೇಕಾಯಿತು. ಅದೇ ಕಾಲಮಾನದಲ್ಲಿ ಗ್ರೀನ್‌ಲ್ಯಾಂಡಿನ ಸಮುದ್ರದಲ್ಲಿ ಕಾಡ್ ಕಡಿಮೆಯಾಗುತ್ತ ಸೀಗಡಿ ಮುಂದಕ್ಕೆ ಬಂತು. ಸುಂಕದ ಪಾಲೆಷ್ಟು, ಗಡಿಯ ಪಾಲೆಷ್ಟು, ನೀರಿನ ಬಿಸಿ ತಂಪಿನ ಪಾಲೆಷ್ಟು ಎಂದು ಬೇರ್ಪಡಿಸಬೇಕಾದರೆ ಒಟ್ಟು ರಫ್ತಿನ ಬದಲು ಒಂದೊಂದು ಮೀನಿನ ಹೆಸರು ಹಿಡಿದು, ಆ ಮೀನಿಗೆ ಆ ವರ್ಷ ಹೊರಗಿನವರು ಕಟ್ಟುತ್ತಿದ್ದ ಸುಂಕವನ್ನು ಅದರ ಎದುರಿಗೆ ಬರೆದುಕೊಳ್ಳಬೇಕು. ಗಂಗೊಳ್ಳಿಯ ಹುಡುಗನಿಂದಲೇ ಈ ಪಟ್ಟಿ ಮಾಡಿಸಿ. ಯಾವ ಮೀನು ಯಾವ ತಿಂಗಳು ಎಲ್ಲಿರುತ್ತದೆಂದು ಕೇಳಬೇಕಾದ ಪ್ರಶ್ನೆ ಅವನಿಗೆ ನಮಗಿಂತ ಮೊದಲು ಹೊಳೆಯುತ್ತದೆ.